ಓಣಿಗೆ ಉಡಿ ತುಂಬಿದ ಆಯಿ

ನಮ್ಮ ಬಳಗದಲ್ಲಿ ಹೆಣ್ಣು ಕೊಡುವ ಮಾತು ಬಂದರೆ ಮೊದಲು ಮನೆ ನೋಡಲು ಹೋಗುತ್ತಿದ್ದವಳು ಆಯಿ. ಅಪ್ಪನ ತಾಯಿಯನ್ನು ನಾವು ಕರೆಯುತ್ತಿದ್ದುದು ಹಾಗೆ. ಹುಕ್ಕೇರಿಯಲ್ಲಿ ದೊಡ್ಡಪ್ಪನ ಮನೆಯಲ್ಲಿ ಅಜ್ಜನ ಜೊತೆಗಿದ್ದಳು. ಕುಳ್ಳಗಿನ ಗಟ್ಟಿ ಹೆಂಗಸು, ಮಾತಿನಲ್ಲಿ ಯಾರಿಗೂ ಸೋತವಳಲ್ಲ. ಗಂಡಸರು ಹೋದರೆ ವರನ ಹೊಲ, ಎತ್ತು, ಅಂಗಡಿ ನೋಡಿ, ಹೋಳಿಗೆ ಉಂಡು ಬರುತ್ತಿದ್ದರು. ಆಯಿ ಅವೊಂದನ್ನೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಆ ಓಣಿಯ ಹೆಂಗಸರು ನೀರು ತುಂಬುವ ಕಡೆ ಹೋಗಿ ಕೂಡುತ್ತಿದ್ದಳು. ಯಾರ ಕೊಡವನ್ನು ಯಾರು ಎತ್ತಿ ಕೊಡುತ್ತಾರೆ, ಯಾರು ಬಂದರೆ ಮಾತು ನಿಲ್ಲುತ್ತದೆ, ಅಷ್ಟು ನೋಡಿದರೆ ಅವಳಿಗೆ ಸಾಕು.

ಮನಸ್ಸಿಗೆ ಬಂದರೆ ಬಾಜೂ ಮನೆಯ ಹಿರಿಯ ಹೆಂಗಸಿನ ಉಡಿ ತುಂಬಿಯೇ ಬರುತ್ತಿದ್ದಳು. ಆಕೆ ಒಡ್ಡಿದ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಮೇಲೊಂದು ಕುಪ್ಪಸದ ಖಣ. "ನಮ್ಮ ಹುಡಿಗೀನ ನಿಮ್ಮ ಉಡ್ಯಾಗ ಹಾಕೇನ್ರಿ" ಎಂದರೆ ಮುಗಿಯಿತು. ಅತ್ತೆ ಕಾಡಿದರೂ ಗಂಡ ಕೈ ಎತ್ತಿದರೂ ಆ ಬಾಜೂ ಮನೆಯಾಕೆ ನಡುವೆ ಬರಲೇಬೇಕು. ಉಡಿ ತುಂಬುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಅದನ್ನು ಹೀಗೆ ಕಾವಲಿಗೆ ಬಳಸಿಕೊಂಡವಳು ಮಾತ್ರ ನನಗೆ ಗೊತ್ತಿದ್ದಂತೆ ನಮ್ಮ ಆಯಿ ಒಬ್ಬಳೇ.

ನನ್ನನ್ನು ಕೊಟ್ಟದ್ದು ಗಂಡನ ಮನೆಗಲ್ಲ, ಡಾಕ್ಟರಿಕೆಯ ಸಾಲೆಗೆ. ಆದರೂ ಆಯಿ ಮನೆ ನೋಡದೆ ಬಿಡಲಿಲ್ಲ. ಅವಳು ಆ ಸಲ ಮಾಡಿದಷ್ಟು ದೊಡ್ಡ ತಪ್ಪನ್ನು ಜೀವಮಾನದಲ್ಲಿ ಇನ್ನೊಂದು ಸಲ ಮಾಡಲಿಲ್ಲ. ಆ ತಪ್ಪಿನ ಪುಣ್ಯದಿಂದಲೇ ನಾನು ಡಾಕ್ಟರಾದೆ ಎಂದು ಹೇಳಿದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ.

ಅಪ್ಪನದು ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರ. ಅಲ್ಲಿ ಇಂಗ್ಲಿಷ್ ಸಾಲೆ ಇರಲಿಲ್ಲವಾದ್ದರಿಂದ ನನ್ನನ್ನು ಗೋಕಾಕದ ಸೋದರತ್ತೆಯ ಮನೆಯಲ್ಲಿಟ್ಟು ಓದಿಸಿದ. ಇಡೀ ವರ್ಗದಲ್ಲಿ ಹುಡುಗಿ ನಾನೊಬ್ಬಳೇ. ಮಾಸ್ತರರ ಮೇಜಿನ ಪಕ್ಕಕ್ಕೆ ನನಗೊಂದು ಬೇರೆ ಬೆಂಚು. ಹುಡುಗರ ಕಡೆ ಬೆನ್ನು ಮಾಡಿ ಕೂತು ಮ್ಯಾಟ್ರಿಕ್ ಮುಗಿಸಿದೆ.

ಬೆಲ್ಲದ ವ್ಯಾಪಾರಿಗೆ ಮಗಳನ್ನು ಇಷ್ಟು ಓದಿಸುವ ಹುಚ್ಚು ಯಾಕೆ ಹಿಡಿಯಿತು ಎಂದರೆ ಅದಕ್ಕೊಂದು ಕಾರಣವಿತ್ತು. ನನ್ನ ತಮ್ಮ ಮೊಲೆ ಕುಡಿಯುವ ಕೂಸಾಗಿದ್ದಾಗ ಅವ್ವನ ಎದೆಯಲ್ಲಿ ಬಾವು ಎದ್ದಿತು. ಗಂಡಸು ಡಾಕ್ಟರಿಗೆ ತೋರಿಸುವುದಕ್ಕಿಂತ ಸಾಯುವುದು ಲೇಸು ಎಂದು ಅವ್ವ ಗೋಡೆಗೆ ಮುಖ ಮಾಡಿ ಮಲಗಿದಳು. ಕಡೆಗೆ ಅಪ್ಪನೇ ಗೋಕಾಕದ ದವಾಖಾನೆಗೆ ಹೋದ. ನಾನೂ ಅವನ ಧೋತರ ಹಿಡಿದು ಹೋಗಿದ್ದೆ. ದೊಡ್ಡ ರುಮಾಲು, ಹುರಿ ಮಾಡಿದ ಮೀಸೆಯ ಅಪ್ಪ ಅಷ್ಟು ಜನರ ನಡುವೆ ನಿಂತು, ತನ್ನ ಎಡಗಡೆಯ ಎದೆಯ ಮೇಲೆ ಕೈಯಿಟ್ಟು, "ಇಲ್ಲಿ ಬ್ಯಾನಿ ಐತ್ರಿ" ಎಂದ. "ಎಷ್ಟ ದಿನಾತು ನಿಮಗ?" ಎಂದು ಡಾಕ್ಟರು ಕೇಳಿದರು. "ನನಗಲ್ರಿ, ಮನ್ಯಾಗ" ಎಂದ. ಕಾಯುತ್ತಿದ್ದವರೆಲ್ಲ ನಕ್ಕರು. ನೋಡದ ರೋಗಕ್ಕೆ ಡಾಕ್ಟರು ತಾನೆ ಏನು ಕೊಟ್ಟಾರು? ಅವ್ವ ಮೂರು ತಿಂಗಳು ನರಳಿ ಉಳಿದಳು. ಆ ನಗುವನ್ನು ಅಪ್ಪ ಮರೆಯಲಿಲ್ಲ. ದಾರಿಯಲ್ಲಿ ನನಗೆ, "ನೀ ಡಾಕ್ಟರ್ ಆಗಬೇಕ ನೋಡವಾ" ಎಂದದ್ದನ್ನು ನಾನೂ ಮರೆಯಲಿಲ್ಲ.

ಅದಕ್ಕೇ ಪುಣೆಯ ಡಾಕ್ಟರಿಕೆಯ ಸಾಲೆಯಿಂದ ಕಾಗದ ಬಂದ ದಿನ ಅಪ್ಪ ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಬೆಲ್ಲದ ಚೂರು ಹಂಚಿದ. ದೊಡ್ಡ ಯುದ್ಧಕ್ಕೆ ಇನ್ನೂ ನಾಲ್ಕಾರು ವರ್ಷ ಬಾಕಿಯಿದ್ದ ಕಾಲ ಅದು. ನಮ್ಮ ಕಡೆಯ ಹುಡುಗಿಯೊಬ್ಬಳಿಗೆ ನಾಲ್ಕು ವರ್ಷದ ವೈದ್ಯ ವಿದ್ಯೆ ಪೂರ್ತಿ ಪುಕ್ಕಟೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಯಾರೋ ಪುಣ್ಯವಂತರು ಇಟ್ಟುಹೋದ ನಿಧಿಯ ವಿದ್ಯಾರ್ಥಿ ವೇತನ ಅದು. ಆದರೆ ಕಾಗದದ ಕೊನೆಗೆ ಎರಡು ಸಾಲಿದ್ದವು. ಹುಡುಗಿಯರ ವಸತಿಗೃಹದಲ್ಲಿ ಜಾಗ ತುಂಬಿದೆ, ಸಾಲೆಗೆ ಸಮೀಪದ ಒಂದು ಓಣಿಯಲ್ಲಿ ಕೋಣೆ ನೋಡಿಡಲಾಗಿದೆ. ಹದಿನೈದು ದಿನಗಳಲ್ಲಿ ಒಪ್ಪಿಗೆ ಬಾರದಿದ್ದರೆ ವೇತನ ಮುಂದಿನವರಿಗೆ ಹೋಗುತ್ತದೆ.

ಪುಣೆಗೆ ಬೆಲ್ಲ ಕಳಿಸುವ ಯಮಕನಮರಡಿಯ ವ್ಯಾಪಾರಿಯೊಬ್ಬರು ಆ ವಾರ ಅಂಗಡಿಗೆ ಬಂದರು. ಓಣಿಯ ಹೆಸರು ಕೇಳಿದ್ದೇ ಅವರ ಮುಖ ಸಣ್ಣದಾಯಿತು. "ಆ ಓಣ್ಯಾಗ ಗಂಡಸರ ನಾವ ಸುಮ್ಮನ ಹೋಗಂಗಿಲ್ರಿ. ಮೂಲಿಗೆ ಸಿಂದಿ ಅಂಗಡಿ ಐತಿ. ಕುಡದ, ಚಾಕು ಹಾಕ್ಕೊಂಡ ತಿರಗೂ ಮಂದಿ. ಹೆಣ್ಣ ಹುಡಿಗೀನ ಅಲ್ಲಿ ಇಡ್ತೀರೇನ?" ಎಂದರು.

ಅಪ್ಪ ಆ ದಿನ ಊಟ ಮಾಡಲಿಲ್ಲ. ಮರುದಿನ ನನ್ನನ್ನು ಕೂಡಿಸಿಕೊಂಡು, "ಬ್ಯಾಡವಾ. ನೀ ಡಾಕ್ಟರ್ ಆಗದಿದ್ರ ನನಗ ಹೊಟ್ಟಿ ಉರೀತೈತಿ. ಆದ್ರ ನಿನಗ ಏನರ ಆದ್ರ ನಾ ಬದಕೂದಿಲ್ಲ" ಎಂದ. ಅವ್ವ ಒಳಗಿನಿಂದ, "ಕಳಸ್ರಿ" ಎಂದಳು. ಅಷ್ಟೇ. ಅವ್ವ ಜಾಸ್ತಿ ಮಾತಾಡಿದವಳಲ್ಲ. ಇಬ್ಬರೂ ಎರಡು ದಿನ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ.

ನಾನೇನು ಮಾಡಿದೆ? ಮುಚ್ಚಿಡುವುದು ಯಾಕೆ, ನಾನು ಹೆದರಿದ್ದೆ. ಅಪ್ಪನೇ ಬೇಡವೆಂದುಬಿಟ್ಟರೆ ತಪ್ಪು ನನ್ನ ತಲೆಗೆ ಬರುವುದಿಲ್ಲ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಜನರು ಇಂದು ನನ್ನನ್ನು ಧೈರ್ಯವಂತೆ ಎಂದು ಹೊಗಳಿದಾಗ ಆ ಎರಡು ದಿನಗಳು ನೆನಪಾಗಿ ನಾಚಿಕೆಯಾಗುತ್ತದೆ.

ಸುದ್ದಿ ಹುಕ್ಕೇರಿ ಮುಟ್ಟಿತು. ಆಯಿ ಗಂಟು ಕಟ್ಟಿಕೊಂಡೇ ಮೂಡಲಗಿಗೆ ಬಂದಿಳಿದಳು. ಕೈಕಾಲು ತೊಳೆಯುವ ಮೊದಲೇ ಅಪ್ಪನನ್ನು ತರಾಟೆಗೆ ತಗೊಂಡಳು.

"ಹೆಣ್ಣ ಕೊಡೂ ಮುಂದ ಮನಿ ನೋಡ್ತೇವಿ, ಹೌದಿಲ್ಲೋ? ಯಾವನೋ ಬೆಲ್ಲಾ ಮಾರಾಂವ ಹೇಳಿದ್ದ ಕೇಳಿ ಮನಿ ಬಿಡ್ತೇವೇನ? ನಾ ನೋಡಿ ಬರ್ತೇನಿ. ಚಲೋ ಇದ್ರ ಇಡೂಣು, ಇಲ್ಲಾಂದ್ರ ಕರಕೊಂಡ ಬರೂಣು."

"ಅದೇನ ಯಮಕನಮರಡಿ ಅಂದಿಯೇನವ್ವಾ? ಪುಣೆ ಅದು. ಅಲ್ಲಿ ಮಾತ ನಿನಗ ತಿಳಿಯಂಗಿಲ್ಲ."

"ಹೆಂಗಸರು ನೀರ ತುಂಬೂದ ನೋಡಾಕ ಮಾತ ಯಾಕ ಬೇಕೋ?" ಎಂದಳು.

ಹೀಗೆ ನಾವು ಮೂವರು ಹೊರಟೆವು. ಅವ್ವ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಟ್ಟಳು. ಉಡಿ ತುಂಬುವ ಸಾಮಾನನ್ನು ಆಯಿ ಬೇರೆ ಗಂಟಿನಲ್ಲಿ ಕಟ್ಟಿ ತನ್ನ ಮಡಿಲಲ್ಲೇ ಇಟ್ಟುಕೊಂಡಳು. ಘಟಪ್ರಭಾ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಧುಪದಾಳದ ಒಡ್ಡಿನ ನೀರಿಗೆ ಕೈಮುಗಿದಳು. ರೈಲು ಹತ್ತಿದ್ದು ಅವಳಿಗೆ ಅದೇ ಮೊದಲು. ಹತ್ತಿದವಳು ಮಿರಜಿನವರೆಗೆ ಕಿಟಕಿಯ ಸರಳು ಬಿಡಲಿಲ್ಲ.

ಪುಣೆಯ ಆ ಓಣಿ ಇಕ್ಕಟ್ಟಾಗಿತ್ತು. ಮರದ ಮಾಳಿಗೆಯ ಹಳೆಯ ಮನೆಗಳು, ನಡುವೆ ಗಟಾರ, ಮೂಲೆಯಲ್ಲಿ ಹೇಳಿದ ಹಾಗೇ ಸಿಂದಿ ಅಂಗಡಿ. ಅದರ ಕಟ್ಟೆಯ ಮೇಲೆ ಐದಾರು ಜನ ಕೂತಿದ್ದರು. ನಮ್ಮನ್ನು ನೋಡಿ ಒಬ್ಬ ಏನೋ ಅಂದ, ಉಳಿದವರು ನಕ್ಕರು. ಕೋಣೆಯಿದ್ದದ್ದು ಒಬ್ಬ ಮುದುಕ ಮಾಸ್ತರರ ಮನೆಯ ಮಾಳಿಗೆಯಲ್ಲಿ. ಅಪ್ಪ ನಮ್ಮನ್ನು ಅಲ್ಲಿ ಬಿಟ್ಟು, ಮಾಸ್ತರರನ್ನು ಜೊತೆಗೆ ಕರೆದುಕೊಂಡು ಸಾಲೆಯ ಕಚೇರಿಗೆ ಹೋದ. ಆಯಿ ನನ್ನನ್ನು ಎಬ್ಬಿಸಿದಳು.

"ಏಳ, ನಳದ ಕಡೆ ಹೋಗೂಣು."

ಓಣಿಗೆಲ್ಲ ಒಂದೇ ನಳ. ಹೆಂಗಸರು ಸಾಲಾಗಿ ಕೊಡ ಇಟ್ಟುಕೊಂಡು ಕಚಪಚ ಜಗಳಾಡುತ್ತಿದ್ದರು. ಅಷ್ಟರಲ್ಲಿ ಒಬ್ಬ ಹೆಂಗಸು ಬಂದಳು. ಎತ್ತರದ ಆಳು, ಕಚ್ಚೆ ಹಾಕಿ ಉಟ್ಟ ಸೀರೆ, ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಅವಳು ಬಂದದ್ದೇ ಜಗಳ ನಿಂತಿತು. ಎಲ್ಲರೂ ಕೊಡ ಸರಿಸಿ ದಾರಿ ಬಿಟ್ಟರು. ಅವಳು ತನ್ನ ಕೊಡ ತುಂಬಿಸಿ, ಹಿಂದೆ ನಿಂತಿದ್ದ ಬಸುರಿ ಹೆಂಗಸಿನ ಕೊಡವನ್ನೂ ತುಂಬಿಸಿ ಎತ್ತಿ ಕೊಟ್ಟಳು. ಯಾರೂ ಚಕಾರ ಎತ್ತಲಿಲ್ಲ.

ಆಯಿಯ ಕಣ್ಣು ಅರಳಿದವು. "ನೋಡಿದೇನ? ಈ ಓಣಿ ಗೌಡಸಾನಿ ಈಕೀನ. ಎಷ್ಟ ಮರ್ಯಾದಿ ಐತಿ ನೋಡ" ಎಂದು ಅವಳ ಬೆನ್ನು ಹತ್ತಿದಳು.

ಆ ಹೆಂಗಸಿನ ಮನೆ ಸಂದಿಯಲ್ಲಿತ್ತು. ಬಾಗಿಲಲ್ಲಿ ನಮ್ಮನ್ನು ಕಂಡು ಅವಳು ಹುಬ್ಬು ಗಂಟಿಕ್ಕಿ ಮರಾಠಿಯಲ್ಲಿ ಏನು ಬೇಕೆಂದು ಕೇಳಿದಳು. ಆಯಿ ಹೊಸ್ತಿಲಲ್ಲಿ ಕೂತು ಗಂಟು ಬಿಚ್ಚಿದಳು. ಅವಳ ಹಣೆಗೆ ಕುಂಕುಮ ಹಚ್ಚಿ, ಸೆರಗು ಒಡ್ಡೆಂದು ಸನ್ನೆ ಮಾಡಿದಳು. ಉಡಿ ತುಂಬುವುದು ಮರಾಠಿಯವರಲ್ಲೂ ಇದೆ, ಹೇಳಿಕೊಡಬೇಕಾಗಿರಲಿಲ್ಲ. ಆದರೂ ಆಕೆ ಸೆರಗು ಒಡ್ಡಲು ಬಹಳ ಹೊತ್ತು ತೆಗೆದುಕೊಂಡಳು. ಆಯಿಯ ಮುಖ, ನನ್ನ ಮುಖ, ಮತ್ತೆ ಆಯಿಯ ಮುಖ ನೋಡಿದಳು. ಕೊನೆಗೆ ಒಡ್ಡಿದಳು. ಆಯಿ ಎಲ್ಲವನ್ನೂ ಹಾಕಿ, ಮೇಲೆ ಖಣ ಇಟ್ಟು, ನನ್ನ ಕೈ ಹಿಡಿದೆಳೆದು ಆ ಖಣದ ಮೇಲೆ ಒತ್ತಿದಳು. "ನಿನ್ನ ಉಡ್ಯಾಗ ಹಾಕೇನ ತಾಯಿ" ಎಂದಳು. ಆ ಹೆಂಗಸು ಒಳಗಿನಿಂದ ಸಕ್ಕರೆ, ನೀರು ತಂದಳು. ಕಂಡವರ ಮನೆಯಲ್ಲಿ ಹನಿ ನೀರು ಮುಟ್ಟದ ಆಯಿ ಅದನ್ನು ಗಟಗಟ ಕುಡಿದಳು.

ಅಪ್ಪ, ಮಾಸ್ತರರು ತಿರುಗಿ ಬಂದಾಗ ಆಯಿ ಖುಷಿಯಿಂದ ಎಲ್ಲ ಹೇಳಿದಳು. ಅಪ್ಪ ಅದನ್ನು ಮರಾಠಿಯಲ್ಲಿ ಅವರಿಗೆ ಹೇಳುತ್ತ ಹೋದ ಹಾಗೆ ಮುದುಕರು ಕೂತಲ್ಲೇ ಬೆವತರು. ಆಕೆ ಸಿಂದಿ ಅಂಗಡಿಯ ಒಡತಿ ಎಂದರು. ಕಟ್ಟೆಯ ಮೇಲೆ ಕೂತಿದ್ದವರಲ್ಲಿ ಇಬ್ಬರು ಅವಳ ತಮ್ಮಂದಿರು, ಓಣಿ ಹೆದರುತ್ತಿದ್ದದ್ದೇ ಅವರಿಗೆ. ನಳದ ಹತ್ತಿರ ದಾರಿ ಬಿಟ್ಟದ್ದು ಮರ್ಯಾದೆಗಲ್ಲ, ಭಯಕ್ಕೆ. ಇಪ್ಪತ್ತು ವರ್ಷಗಳಲ್ಲಿ ಮರ್ಯಾದಸ್ಥ ಹೆಂಗಸೊಬ್ಬಳೂ ಆ ಹೊಸ್ತಿಲಲ್ಲಿ ಕೂತದ್ದಿಲ್ಲ.

ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ ಎದ್ದು ಟ್ರಂಕು ಕಟ್ಟತೊಡಗಿದ. "ಸಾಕವ್ವಾ ನಿನ್ನ ಮನಿ ನೋಡೂದು. ಹುಲಿ ಬಾಯಾಗ ಒಯ್ದ ಕೊಟ್ಟಿ ಹುಡಿಗೀನ" ಎಂದ.

ಆಯಿಯ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಮರುಕ್ಷಣವೇ ಗಲ್ಲ ಎತ್ತಿದಳು. "ಉಡಿ ತುಂಬಿ ಆತು. ಆಕಿ ಸೆರಗ ಒಡ್ಡಿ ಆತು. ಆಕಿ ಏನ ಮಾರ್ತಾಳ ಅಂತ ನಾ ಕೇಳಿಲ್ಲ, ಇನ್ನ ಕೇಳಂಗೂ ಇಲ್ಲ."

ತಾಯಿ ಮಗ ಹಾಗೆ ಜಗಳಾಡುತ್ತಿರುವಾಗಲೇ ಮೆಟ್ಟಿಲು ಸದ್ದಾಯಿತು. ಅವಳೇ ಬಂದಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು. ಉಡಿ ತುಂಬಿದವರನ್ನು ಬರಿಗೈಯಲ್ಲಿ ಕಳಿಸಬಾರದಲ್ಲ. ಟ್ರಂಕು ಕಟ್ಟುತ್ತಿದ್ದದ್ದನ್ನು ನೋಡಿದಳು. ಎಲ್ಲ ತಿಳಿಯಿತು. ಒಳಗೆ ಬರದೆ ಬಾಗಿಲಲ್ಲೇ ನಿಂತು ಮರಾಠಿಯಲ್ಲಿ ಮೆಲ್ಲಗೆ ಮಾತಾಡಿದಳು. ಅಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

"ಏನಂತಾಳ? ಹೇಳ" ಎಂದಳು ಆಯಿ.

"ಎಷ್ಟ ವರ್ಷದ ಓದು ಅಂತ ಕೇಳಾಕತ್ತಾಳ."

"ಅಷ್ಟ ಮಾತಿಗೆ ಕಣ್ಣಾಗ ನೀರ ಯಾಕ ಬರ್ತಾವೋ? ಪೂರಾ ಹೇಳ."

ಅಪ್ಪ ಪೂರ್ತಿ ಹೇಳಿದ. "ಓದ ಮುಗಿಯೂತನಕ ಈ ಹುಡಿಗಿ ಕಡೆ ಯಾರೂ ಕಣ್ಣೆತ್ತಿ ನೋಡಂಗಿಲ್ಲ ಅಂತಾಳ. ತನ್ನ ತಮ್ಮಂದಿರ ನೋಡಿದ್ರೂ ಕಣ್ಣ ಕೀಳ್ತೇನಿ ಅಂತಾಳ. ತನ್ನ ಉಡಿಗೆ ಇಷ್ಟ ವರ್ಷದಾಗ ಯಾರೂ ಏನೂ ಹಾಕಿಲ್ಲಂತ. ಹಾಕಿದ್ದ ತಿರಗಿ ಒಯ್ಯಬ್ಯಾಡ್ರಿ ಅಂತಾಳ."

ಅಪ್ಪ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ. ಆಗ ಅವನ ಕೈ ತನಗೆ ತಿಳಿಯದ ಹಾಗೆ ಎದೆಯ ಎಡಗಡೆಗೆ ಹೋಯಿತು. ಗೋಕಾಕದ ದವಾಖಾನೆಯಲ್ಲಿ ಇಟ್ಟಿದ್ದ ಅದೇ ಜಾಗ. ಆ ಕೈ ನೋಡಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಅಪ್ಪಾ, ನಾ ಇರ್ತೇನಿ" ಎಂದೆ.

ಅವನು ಟ್ರಂಕಿನ ಹಗ್ಗ ಬಿಚ್ಚಿದ.

ಆ ನಾಲ್ಕು ವರ್ಷಗಳ ಬಗ್ಗೆ ಜನ ಏನೇನೋ ಕೇಳುತ್ತಾರೆ. ಹೆಣ ಕೊಯ್ಯುವಾಗ ಹೆದರಿದ್ದೆಯಾ ಎಂದು ಕೇಳುತ್ತಾರೆ. ನಾನು ಹೆದರಿದ್ದು ಮೊದಲ ವಾರ ಆ ಮೂಲೆ ದಾಟುವಾಗ ಮಾತ್ರ. ಆಮೇಲೆ ನೋಡಿದೆ, ನಾನು ಬರುವ ಹೊತ್ತಿಗೆ ಅಂಗಡಿಯ ಬಾಗಿಲಿಗೆ ಗೋಣಿತಟ್ಟಿನ ಪರದೆ ಇಳಿಯುತ್ತಿತ್ತು. ಕಟ್ಟೆಯ ಮೇಲಿನವರು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. ಮೊದಲ ದಿನ ನಮ್ಮನ್ನು ನೋಡಿ ಏನೋ ಅಂದಿದ್ದವನೇ ಮಳೆಗಾಲದಲ್ಲಿ ಗಟಾರದ ಮೇಲೆ ಹಲಗೆ ಹಾಕಿಟ್ಟ. ಒಮ್ಮೆ ಊರಲ್ಲಿ ದೊಡ್ಡ ಗಲಾಟೆಯೆದ್ದು ಎರಡು ದಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಆ ಎರಡೂ ದಿನ ಅಂಗಡಿಯ ಒಡತಿ ನಮ್ಮ ಮೆಟ್ಟಿಲ ಕೆಳಗೆ ಬಡಿಗೆ ಪಕ್ಕದಲ್ಲಿಟ್ಟುಕೊಂಡು ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ನಾನು ಅವಳನ್ನು ಮಾವಶಿ, ಅಂದರೆ ಚಿಕ್ಕವ್ವ, ಎಂದು ಕರೆಯತೊಡಗಿದೆ. ಅವಳು ನನ್ನಿಂದ ಕನ್ನಡ ಕಲಿತಳು. ಬೈಗುಳವನ್ನು ಮೊದಲು ಕಲಿತಳು.

ಓದು ಮುಗಿದು ಆಯಿಯನ್ನು ನೋಡಲು ಹುಕ್ಕೇರಿಗೆ ಹೊರಟ ದಿನ ಮಾವಶಿ ಗಂಟಿನೊಂದಿಗೆ ಟಾಂಗಾ ಹತ್ತಿ ಕೂತಿದ್ದಳು. "ಎಲ್ಲಿಗಿ?" ಎಂದೆ. "ಒಪ್ಪಸಾಕ" ಎಂದಳು. ಎಷ್ಟು ಹೇಳಿದರೂ ಇಳಿಯಲಿಲ್ಲ.

ಹುಕ್ಕೇರಿಯ ಪಡಸಾಲೆಯಲ್ಲಿ ಅಪ್ಪ, ಅವ್ವ ಮೊದಲೇ ಬಂದು ಕಾಯುತ್ತಿದ್ದರು. ಆಯಿಯ ಕಣ್ಣು ಆಗ ಪೂರ್ತಿ ಮಂಜಾಗಿದ್ದವು. ಮಾವಶಿ ಗಂಟು ಬಿಚ್ಚಿ ಖಣ ತೆಗೆದಳು. ನಾಲ್ಕು ವರ್ಷದ ಹಿಂದಿನ ಅದೇ ಖಣ, ಮಡಿಕೆ ಬಿಚ್ಚಿರಲಿಲ್ಲ, ಹೊಲಿಸಿರಲಿಲ್ಲ. ಅದನ್ನು ಆಯಿಯ ಮಡಿಲಲ್ಲಿಟ್ಟು, ನನ್ನ ಕೈ ಹಿಡಿದು ಅದರ ಮೇಲೆ ಒತ್ತಿದಳು.

"ಆಯಿ, ನೀ ಹಾಕಿದ್ದು. ನೋಡಿ ತಗೋ" ಎಂದಳು ಕನ್ನಡದಲ್ಲಿ.

ಆಯಿ ಖಣ ಮುಟ್ಟಿ ನೋಡಿದಳು. ಆಮೇಲೆ ನನ್ನ ಹಣೆ, ಕೆನ್ನೆ, ತೋಳು, ಬೆರಳು ಒಂದೊಂದನ್ನೂ ಬಾಣಂತಿ ಕೂಸನ್ನು ತಡವುವ ಹಾಗೆ ತಡವಿದಳು. ಬೆರಳು ಹತ್ತೂ ಎಣಿಸಿದ ಮೇಲೆ ಅವಳಿಗೆ ಅಳು ತಡೆಯಲಿಲ್ಲ. "ನಾಲ್ಕ ವರ್ಷ ನಾ ಕಣ್ಣಿಗೆ ಕಣ್ಣ ಹಚ್ಚಿಲ್ಲ ನನ ಕೂಸ. ತಪ್ಪ ಮಾಡಿದ್ನಿ ಅಂತ ಯಾರ ಮುಂದೂ ಅನ್ನಲಿಲ್ಲ. ದಿನಾ ಲಿಂಗದ ಮುಂದ ಕೂತ ಒಂದ ಬೇಡಿದ್ನಿ" ಎಂದಳು. ಪುಣೆಯಲ್ಲಿ ಗಲ್ಲ ಎತ್ತಿ ಅಪ್ಪನ ಬಾಯಿ ಮುಚ್ಚಿಸಿದ್ದವಳು ಇವಳೇ. ಅವಳ ಭಯ ನಮಗೆ ಯಾರಿಗೂ ಗೊತ್ತೇ ಆಗಿರಲಿಲ್ಲ. ಆ ಭಯವನ್ನು ಒಬ್ಬಳೇ ಹೊತ್ತದ್ದಕ್ಕೆ ಅವಳಿಗೆ ನಾನು ಎಷ್ಟು ಸಲ ಕೈಮುಗಿದರೂ ಸಾಲದು.

ಕಣ್ಣೊರೆಸಿಕೊಂಡು ಆಯಿ ಮಾವಶಿಯ ಉಡಿ ತುಂಬಲು ಅಕ್ಕಿ ತರಿಸಿದಳು. ಮಾವಶಿ ಅವಳ ಕೈ ಹಿಡಿದು ತಡೆದಳು.

"ನನಗ ಬ್ಯಾಡ ಆಯಿ. ಈ ಸಲ ನನ್ನ ಇಕೀ ಉಡ್ಯಾಗ ಹಾಕು" ಎಂದಳು.

ಹಾಗೆಂದವಳು ಗಂಡಸರು ಹೊರಗೆ ಹೋಗುವವರೆಗೆ ಕಾದಳು. ಬಾಗಿಲು ಮುಂದೆ ಮಾಡಿ ನನ್ನ ಎದುರಿಗೆ ಕೂತು, ಎದೆಯ ಮೇಲೆ ಕೈಯಿಟ್ಟು, "ಇಲ್ಲಿ ಗಂಟ ಐತಿ. ನೀ ಡಾಕ್ಟರ್ ಆಗಲಿ ಅಂತ ಕಾದೇನಿ" ಎಂದಳು. ಪುಣೆಯಲ್ಲಿ ಅಷ್ಟೊಂದು ದವಾಖಾನೆಗಳಿದ್ದವು. ಓಣಿಯೇ ಹೆದರುತ್ತಿದ್ದ ಹೆಂಗಸು ಗಂಡಸು ಡಾಕ್ಟರಿಗೆ ಹೆದರಿ ನನ್ನ ಪರೀಕ್ಷೆ ಮುಗಿಯುವುದನ್ನು ಕಾಯುತ್ತ ಕೂತಿದ್ದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕೈಯಿಟ್ಟು ನೋಡಿದೆ. ಗಂಟು ಸಣ್ಣದಿತ್ತು, ಅಲುಗಾಡುತ್ತಿತ್ತು. ಅದನ್ನು ಮಿರಜಿನಲ್ಲಿ ತೆಗೆಸಿದೆವು. ಅವಳು ನನ್ನ ಮೂರು ಬಾಣಂತನ ಮಾಡುವಷ್ಟು ಕಾಲ ಬದುಕಿದಳು.

ಆದರೆ ಅದೆಲ್ಲ ಆಮೇಲಿನ ಮಾತು. ಆ ದಿನ ಪಡಸಾಲೆಯಲ್ಲಿ ಅವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಮಾವಶಿಯ ಕೈ ಎಲ್ಲಿದೆ ಎಂದು ನೋಡಿದಳು. ಮುಂದೆ ಬಂದು ಅಕ್ಕಿಯ ತಟ್ಟೆಯನ್ನು ಆಯಿಯ ಕೈಗೆ ಕೊಟ್ಟಳು.

"ಹಾಕ್ರಿ ಅತ್ತಿ" ಎಂದಳು.

ನಾನು ಸೆರಗು ಒಡ್ಡಿದೆ.